ನಿದ್ದೆ ಬರಿಸಬೇಡಿ ಎಂದದ್ದು

ನನ್ನ ಎಡಗಿವಿಯ ಹಿಂದೆ ಕುಡುಗೋಲಿನ ಹಾಗೆ ಬಾಗಿದ ಒಂದು ಗೆರೆ ಇದೆ. ತಲೆಗೆ ಎಣ್ಣೆ ಹಚ್ಚಿಕೊಡುವಾಗ ನೀವಿಬ್ಬರೂ ಅದರ ಮೇಲೆ ಬೆರಳಾಡಿಸುತ್ತೀರಿ. "ಅಜ್ಜಿ, ಇದನ್ನ ಕೊಯ್ಯೋವಾಗ ನೀನು ಎಚ್ಚರ ಇದ್ಯಂತೆ, ನಿಜಾನಾ?" ಎಂದು ಕೇಳುತ್ತೀರಿ. ಹೂಂ ಎಂದು ಸುಮ್ಮನಾಗುತ್ತೇನೆ. ಬಾಯಲ್ಲಿ ಹೇಳುವುದು ನನ್ನಿಂದಾಗದು. ಬರೆಯುವುದಾದರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳ ಬರವಣಿಗೆ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ನನ್ನೂರು ಕುಣಿಗಲ್ ಕಡೆಯದು. ಕೆರೆಯಲ್ಲಿ ಮುಳುಗಿ ಆಡುವ ವಯಸ್ಸಿನಲ್ಲೇ ನನ್ನ ಕಿವಿ ಸೋರತೊಡಗಿತು. ಅವ್ವ ಬೆಳ್ಳುಳ್ಳಿ ಎಸಳು ಹಾಕಿ ಎಣ್ಣೆ ಕಾಯಿಸಿ, ಬೆಚ್ಚಗಾದ ಮೇಲೆ ಹನಿ ಬಿಟ್ಟು ಹತ್ತಿ ತುರುಕುತ್ತಿದ್ದಳು. ಸೋರುವುದು ಕೆಲವು ದಿನ ನಿಲ್ಲುತ್ತಿತ್ತು, ಆಮೇಲೆ ಮತ್ತೆ ಶುರು. ಶಾಲೆಯಲ್ಲಿ ವಾಸನೆ ಬರುತ್ತದೆಂದು ಪಕ್ಕದ ಹುಡುಗಿಯರು ಸರಿದು ಕೂರುತ್ತಿದ್ದರು. ನಾನೂ ಗೋಡೆಯ ಕಡೆಗೆ ಸರಿಯುತ್ತಿದ್ದೆ. ಮೇಷ್ಟರು ಹೇಳಿದ್ದು ಅರ್ಧ ಕೇಳಿಸುತ್ತಿತ್ತು, ಉಳಿದರ್ಧಕ್ಕೆ ತಲೆಯಾಡಿಸುತ್ತಿದ್ದೆ. ಕಿವಿ ಮಂದವಾದ್ದರಿಂದ ನಾಚಿಕೆ ಬಂತೋ, ನಾಚಿಕೆಯ ಸ್ವಭಾವಕ್ಕೆ ಕಿವಿ ನೆಪವಾಯಿತೋ, ಈಗಲೂ ಗೊತ್ತಿಲ್ಲ. ಹಸಿವಾದರೂ ನೋವಾದರೂ ಬಾಯಿಬಿಟ್ಟು ಹೇಳುವ ಅಭ್ಯಾಸ ಮಾತ್ರ ನನಗೆ ಬರಲೇ ಇಲ್ಲ.

ಮದುವೆಯಾಗಿ ಪೀಣ್ಯಕ್ಕೆ ಬಂದೆ. ನಿಮ್ಮ ತಾತ ಅಲ್ಲಿ ಒಂದು ಪ್ರೆಸ್ ಶಾಪಿನಲ್ಲಿ ಆಪರೇಟರ್. ಫ್ಯಾನು, ಮೋಟಾರುಗಳ ಒಳಗೆ ಕೂರುವ ತಗಡಿನ ಬಿಲ್ಲೆಗಳನ್ನು ಒತ್ತಿ ಕತ್ತರಿಸುವ ಯಂತ್ರಗಳು ಸಾಲಾಗಿ ನಿಂತು ದಿನವಿಡೀ ಬಡಿಯುತ್ತಿದ್ದವು. ಆ ಸದ್ದಿನಲ್ಲಿ ಪಕ್ಕದವನ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸದು. ಹಾಗಾಗಿ ಅಲ್ಲಿನವರೆಲ್ಲ ಕೈಯಲ್ಲೇ ಮಾತಾಡುತ್ತಿದ್ದರು. ಹೆಬ್ಬೆರಳು ತುಟಿಗೆ ಹೋದರೆ ಟೀ ಬಂತು ಎಂದು. ಕಿವಿಯ ಹಾಲೆ ಹಿಡಿದರೆ ಓನರ್ ಬರುತ್ತಿದ್ದಾರೆ ಎಂದು. ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿತ್ತು. ಯಾರದಾದರೂ ಯಂತ್ರ ಬಡಿಯುತ್ತ ಬಡಿಯುತ್ತ ತಟ್ಟನೆ ತಡವರಿಸಿದರೆ, ಬೆರಳು ಸಿಕ್ಕಿತೇನೋ ಎಂಬ ಭಯಕ್ಕೆ ದೂರದಲ್ಲಿದ್ದವನು ಐದೂ ಬೆರಳು ಅಗಲಿಸಿ ಕೈ ಎತ್ತುತ್ತಿದ್ದ. ಎಲ್ಲ ಇದೆಯಾ ಎಂದು ಕೇಳಿದ ಹಾಗೆ. ಇವನೂ ಐದು ಬೆರಳು ಅಗಲಿಸಿ ತೋರಿಸಿದರೆ ಎಲ್ಲ ಇದೆ, ಏನೂ ಆಗಿಲ್ಲ. ಮುಷ್ಟಿ ಬಿಗಿದು ತೋರಿಸಿದರೆ ನೋವಾಗಿದೆ, ಎಲ್ಲ ನಿಲ್ಲಿಸಿ ಓಡಿ ಬನ್ನಿ.

ಈ ಭಾಷೆಯನ್ನು ತಾತ ಮನೆಗೂ ತಂದರು. ಅವರ ಕಿವಿಯೂ ಆ ಸದ್ದಿಗೆ ವರ್ಷದಿಂದ ವರ್ಷಕ್ಕೆ ಮಂದವಾಗುತ್ತಿತ್ತು. ನನ್ನದು ಮೊದಲೇ ಹಾಗೆ. ಮಾತಾಡಿದರೆ ಇಬ್ಬರೂ ಕೂಗಬೇಕು, ಕೂಗಿದರೆ ಅಕ್ಕಪಕ್ಕದವರು ಜಗಳವೆಂದು ತಿಳಿಯುತ್ತಾರೆ. ಕೈ ಮಾತೇ ವಾಸಿಯಾಯಿತು. ಸಾರಿಗೆ ಉಪ್ಪು ಕಮ್ಮಿ, ನೆಂಟರು ಬಂದಿದ್ದಾರೆ, ಕೊಳಾಯಿಯಲ್ಲಿ ನೀರು ಬಂತು, ಎಲ್ಲಕ್ಕೂ ಒಂದೊಂದು ಸನ್ನೆ ಹುಟ್ಟಿಕೊಂಡಿತು. ನಮ್ಮ ವಠಾರದ ತುಂಬ ಪ್ರೆಸ್ ಶಾಪಿನ ಸಂಸಾರಗಳೇ. ಮಕ್ಕಳು ಆಟದಲ್ಲಿ ಬಿದ್ದರೂ ಮುಷ್ಟಿ ಎತ್ತಿಯೇ ಅಳುತ್ತಿದ್ದವು. ಮೂಲೆಯ ಅಂಗಡಿಯವನಿಗೂ ಗೊತ್ತಿತ್ತು, ಬಸ್ ಸ್ಟಾಪಿನ ಹೂವಿನವಳಿಗೂ ಗೊತ್ತಿತ್ತು. ಲೋಕದ ಎಲ್ಲರಿಗೂ ಇದು ಗೊತ್ತು ಎಂದೇ ನಾನು ತಿಳಿದಿದ್ದೆ. ನಿಮ್ಮಮ್ಮ ಹುಟ್ಟುವಾಗ ಆಸ್ಪತ್ರೆಯ ಬಾಗಿಲ ಗಾಜಿನಾಚೆ ತಾತ ಐದು ಬೆರಳು ಅಗಲಿಸಿ ನಿಂತಿದ್ದರು. ನಾನು ಮುಷ್ಟಿ ತೋರಿಸಿದೆ. ಕೂಡಲೇ ನರ್ಸಮ್ಮ ಓಡಿ ಬಂದಳು. ಹೊರಗಡೆ ತಾತ ಕೂಗಿ ಕರೆದದ್ದರಿಂದ ಅವಳು ಬಂದಳೆಂದು ನನಗೆ ಹೊಳೆಯಲಿಲ್ಲ. ನನ್ನ ಮುಷ್ಟಿ ನೋಡಿಯೇ ಬಂದಳೆಂದುಕೊಂಡೆ.

ತಾತ ಹೋದದ್ದು ನಿಮಗೆ ನೆನಪಿರಬಹುದು. ಎದೆಯಲ್ಲಿ ಕಫ ಕಟ್ಟಿ ಜ್ವರ ಬಂದು, ಉಸಿರಾಟಕ್ಕೆ ಮಿಷನ್ ಹಾಕುವ ಹಂತಕ್ಕೆ ಹೋಯಿತು. "ಅವರನ್ನ ನಿದ್ದೆಯಲ್ಲಿ ಇಟ್ಟಿದ್ದೀವಿ ಅಮ್ಮ. ಮಿಷನ್ ಹಾಕಿದಾಗ ಹಾಗೇ ಇಡಬೇಕಾಗುತ್ತೆ" ಎಂದರು ಅಲ್ಲಿನ ಡಾಕ್ಟರು. ನಿಮ್ಮಮ್ಮ ಅದನ್ನು ನನ್ನ ಕಿವಿಯ ಹತ್ತಿರ ಗಟ್ಟಿಯಾಗಿ ಹೇಳಿದಳು. ನಿದ್ದೆ ಎಂದ ಮೇಲೆ ಏಳುತ್ತಾರೆ ಎಂದುಕೊಂಡೆ. ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು. ನಾನು ಮಂಚದ ಕಾಲ ಬಳಿ ನಿಂತು ಐದು ಬೆರಳು ಅಗಲಿಸಿ ಹಿಡಿದೆ. ಕಣ್ಣು ಮುಚ್ಚಿದವರು ಅದನ್ನು ನೋಡುವುದು ಹೇಗೆ? ಹತ್ತಿರ ಹೋಗಿ ಅವರ ಅಂಗೈ ಮೇಲೆ ನನ್ನ ಬೆರಳುಗಳನ್ನು ಅಗಲಿಸಿ ಇಟ್ಟೆ. ಅವರ ಕೈ ಬಿಚ್ಚಿಯೂ ಇರಲಿಲ್ಲ, ಮುಷ್ಟಿಯೂ ಆಗಿರಲಿಲ್ಲ. ಅರ್ಧ ಮಡಚಿಕೊಂಡು, ಯಾವ ಮಾತೂ ಅಲ್ಲದ ಹಾಗೆ ಬಿದ್ದಿತ್ತು. ಅವರಿಗೆ ನೋವಾಗುತ್ತಿದೆಯೋ ಇಲ್ಲವೋ ತಿಳಿಯುವ ದಾರಿಯೇ ನನಗೆ ಇರಲಿಲ್ಲ. ಆ ನಿದ್ದೆಯಿಂದ ಅವರು ಏಳಲಿಲ್ಲ.

ಆಮೇಲೆ ನಾನು ದಾಸರಹಳ್ಳಿಗೆ, ನಿಮ್ಮ ಮನೆಗೆ ಬಂದೆ. ನಿಮ್ಮಮ್ಮ ನನ್ನೆದುರು ಅಪ್ಪನ ಮಾತು ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ. ಕೈ ಮಾತು ಅವಳಿಗೂ ಬರುತ್ತಿತ್ತು. ಆದರೆ ನಾನು ಮರೆತು ಒಮ್ಮೆ ಹೆಬ್ಬೆರಳನ್ನು ತುಟಿಗೆ ಒಯ್ದಾಗ ಅವಳು ಮುಖ ತಿರುಗಿಸಿ ಒಲೆಯ ಕಡೆ ಹೋದಳು. ಟೀ ಮಾಡಿ ತಂದು ಮುಂದಿಟ್ಟಳು, ಕಣ್ಣೆತ್ತಿ ನೋಡಲಿಲ್ಲ. ಅಂದಿನಿಂದ ನಾನು ಕೈಯನ್ನು ಮಡಿಲಲ್ಲೇ ಇಟ್ಟುಕೊಳ್ಳತೊಡಗಿದೆ.

ವರ್ಷದ ತಿಥಿ ಕಳೆದ ಮೇಲೆ ಎಡಗಿವಿ ಜೋರಾಗಿ ಸೋರತೊಡಗಿತು. ಬಗ್ಗಿದರೆ ತಲೆ ಸುತ್ತುತ್ತಿತ್ತು. ಒಂದು ದಿನ ಗೋಡೆ ಹಿಡಿದು ನಿಂತದ್ದನ್ನು ನಿಮ್ಮಮ್ಮ ನೋಡಿಬಿಟ್ಟಳು. ತುಮಕೂರು ರಸ್ತೆಯ ಕಡೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕಿವಿಯ ಡಾಕ್ಟರು ಕೊಳವೆ ಇಟ್ಟು, ಒಳಗಿನದನ್ನು ಟಿ.ವಿ. ಪರದೆಯ ಮೇಲೆ ತೋರಿಸಿದರು. ಕಿವಿಯ ತಮಟೆಯಲ್ಲಿ ದೊಡ್ಡ ತೂತು. ಅದರ ಹಿಂದಿನ ಸಣ್ಣ ಮೂಳೆಗಳಲ್ಲಿ ಒಂದು ಸವೆದು ಹೋಗಿದೆ. ಬಿಟ್ಟರೆ ಕೊಳೆತ ಒಳಗೊಳಗೇ ಹಬ್ಬುತ್ತದೆ. ಕಿವಿಯ ಹಿಂದೆ ಕೊಯ್ದು, ಕ್ಲೀನ್ ಮಾಡಿ, ನನ್ನದೇ ಚರ್ಮದ ಅಡಿಯ ಪೊರೆಯಿಂದ ತೂತು ಮುಚ್ಚಿ, ನನ್ನದೇ ಮೆದುಮೂಳೆಯ ಚೂರನ್ನು ಸವೆದದ್ದರ ಜಾಗದಲ್ಲಿ ಕೂರಿಸುತ್ತಾರಂತೆ. "ಚೆನ್ನಾಗಿ ಕೇಳ್ಸುತ್ತೆ ಅಂತ ಗ್ಯಾರಂಟಿ ಕೊಡಲ್ಲ, ಆದ್ರೆ ಕೇಳ್ಸೋ ಚಾನ್ಸ್ ಇದೆ" ಎಂದರು.

ಅವತ್ತೇ ಅರಿವಳಿಕೆಯ ಡಾಕ್ಟರ ಬಳಿ ಕಳಿಸಿದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ತುಟಿ ಕಾಣುವ ಹಾಗೆ ಕೂತು ಮಾತಾಡಿದರು.

"ಎರಡು ದಾರಿ ಇದೆ ಅಮ್ಮ. ಒಂದು, ಪೂರ್ತಿ ನಿದ್ದೆ. ಗಂಟ್ಲಿಗೆ ಪೈಪ್ ಹಾಕ್ತೀವಿ. ನಿಮಗೇನೂ ಗೊತ್ತಾಗಲ್ಲ, ಎಲ್ಲ ಮುಗಿದ ಮೇಲೆ ಎಬ್ಬಿಸ್ತೀವಿ. ಇನ್ನೊಂದು, ಲೋಕಲ್. ಕಿವಿ ಸುತ್ತ ಇಂಜೆಕ್ಷನ್ ಕೊಟ್ಟು ಆ ಜಾಗ ಮಾತ್ರ ಮರಗಟ್ಟಿಸ್ತೀವಿ. ನೀವು ಎಚ್ಚರ ಇರ್ತೀರ. ಮೂಳೆ ಕೂರ್ಸಿದ ಮೇಲೆ ಸರ್ಜನ್ ಅಲ್ಲೇ ಕೇಳ್ಸುತ್ತಾ ಅಂತ ಕೇಳಬಹುದು, ಕೇಳ್ಸಲ್ಲ ಅಂದ್ರೆ ಆಗ್ಲೇ ಸರಿ ಮಾಡಬಹುದು. ನಿಮ್ಮ ಟೆಸ್ಟ್‌ಗಳೆಲ್ಲ ಚೆನ್ನಾಗಿವೆ, ಯಾವುದಾದ್ರೂ ಆಗುತ್ತೆ. ನೀವೇ ಹೇಳಿ."

ನನ್ನ ಬದುಕಿನಲ್ಲಿ ಯಾರೂ ನನಗೆ ನೀವೇ ಹೇಳಿ ಎಂದಿರಲಿಲ್ಲ. ನಾನು ಸೆರಗಿನ ಅಂಚು ತಿರುಚುತ್ತ ಕೂತೆ.

"ಲೋಕಲ್ ಆದ್ರೆ ಒಂದು ಕಂಡೀಷನ್" ಎಂದರು ಅವರು. "ಅಲ್ಲಾಡೋ ಹಾಗಿಲ್ಲ. ನೋವಾದ್ರೆ, ತಲೆ ತಿರುಗಿದ್ರೆ ತಕ್ಷಣ ಹೇಳ್ಬೇಕು. ತಡ್ಕೊಂಡು ತಡ್ಕೊಂಡು ಆಮೇಲೆ ಒಂದೇ ಸಲ ತಲೆ ಎಗರಿಸಿದ್ರೆ ಕಿವಿ ಒಳಗೆ ಪೆಟ್ಟಾಗುತ್ತೆ, ಇರೋ ಕಿವೀನೂ ಹೋಗಬಹುದು. ಹೇಳ್ತೀರ ತಾನೆ?"

ನಾನು ತಲೆಯಾಡಿಸಿದೆ. ನಿಮ್ಮಮ್ಮ ಪಕ್ಕದಲ್ಲಿ ನಕ್ಕಳು.

"ಡಾಕ್ಟ್ರೇ, ಇವ್ರು ಹೇಳಲ್ಲ. ಕಾಲ ಮೇಲೆ ಗ್ಯಾಸ್ ಸಿಲಿಂಡರ್ ಬಿತ್ತು ಒಂದ್ಸಲ. ಏನಾಯ್ತಮ್ಮ ಅಂತ ಓಡಿ ಬಂದ್ರೆ, ಟೀ ಕುಡೀತೀಯಾ ಅಂತ ಕೇಳಿದೋರು ಇವ್ರು. ನಿದ್ದೆನೇ ಕೊಡಿ."

ಡಾಕ್ಟರಮ್ಮ ನನ್ನನ್ನೇ ನೋಡುತ್ತಿದ್ದರು. ನಿದ್ದೆ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಆ ಮಂಚ, ಅರ್ಧ ಮಡಚಿದ ಆ ಕೈ ಕಾಣುತ್ತಿತ್ತು. ಒಂದು ಕಡೆ ಆ ಭಯ. ಇನ್ನೊಂದು ಕಡೆ, ಅಪರಿಚಿತರ ನಡುವೆ ಬಾಯಿಬಿಟ್ಟು ನೋವು ಎನ್ನಬೇಕಾದ ಭಯ. ಆದರೆ ನನ್ನ ಹತ್ತಿರ ಮುಷ್ಟಿ ಇತ್ತಲ್ಲ! ಕೈಯೊಂದನ್ನು ಬಿಟ್ಟರೆ ಸಾಕು, ಬಿಗಿ ಹಿಡಿದರೆ ಅವರಿಗೆ ತಿಳಿಯುತ್ತದೆ. ಪೀಣ್ಯದವರ ಕೈಕಾಲಿಗೆ ದಿನಾ ಹೊಲಿಗೆ ಹಾಕುವ ಆಸ್ಪತ್ರೆ ಅದು, ಅಲ್ಲಿನವರಿಗೆ ಗೊತ್ತಿರದೆ ಇರುತ್ತದೆಯೇ? ಆ ಧೈರ್ಯದ ಮೇಲೆ, "ಲೋಕಲ್ಲೇ ಇರ್ಲಿ" ಎಂದೆ. ಎಷ್ಟು ಮೆಲ್ಲಗೆ ಎಂದೆನೆಂದರೆ ಅವರು ಇನ್ನೊಮ್ಮೆ ಕೇಳಬೇಕಾಯಿತು.

ಮನೆಗೆ ಬಂದ ಮೇಲೆ ನಿಮ್ಮಮ್ಮ ಹುರುಳಿಕಾಯಿ ಮುರಿಯುತ್ತ ಸಿಡುಕಿದಳು. ಸಿಟ್ಟು ಬಂದರೆ ಅವಳ ದನಿ ಏರುತ್ತದೆ, ಹಾಗಾಗಿ ಅವಳ ಸಿಟ್ಟೆಲ್ಲ ನನಗೆ ಚೆನ್ನಾಗಿ ಕೇಳಿಸುತ್ತಿತ್ತು.

"ಯಾಕಮ್ಮ ನಿಂಗೆ ಈ ಹಟ? ತಲೆ ಒಳಗೆ ಡ್ರಿಲ್ ಹಾಕ್ತಾರಂತೆ. ಎಚ್ಚರ ಇದ್ಕೊಂಡು ಅದನ್ನ ಅನುಭವಿಸ್ಬೇಕಾ?"

"ಅಂಗೇನಿಲ್ಲ ಕಣವ್ವ."

"ಹಂಗಾದ್ರೆ ಏನು? ಕಾರಣ ಹೇಳು. ಒಂದೇ ಒಂದು ಕಾರಣ."

ಕಾರಣ ಹೇಳಬೇಕಾದರೆ ಅವಳ ಅಪ್ಪನ ಹೆಸರು ಎತ್ತಬೇಕಿತ್ತು. ನಾನು ಹುರುಳಿಕಾಯಿಯ ನಾರು ತೆಗೆಯುತ್ತ ಕೂತೆ. ಅವಳು ತಟ್ಟೆಯನ್ನು ನನ್ನ ಮುಂದಿನಿಂದ ಎಳೆದುಕೊಂಡು ಒಳಗೆ ಹೋದಳು. ನಿಮ್ಮಪ್ಪ ಕ್ಯಾಬ್ ತೊಳೆದು ಆಗ ತಾನೇ ಮೇಲೆ ಬಂದವರು, "ಅತ್ತೆ, ನಿಮಗೆ ಹೆಂಗೆ ಅನ್ಸುತ್ತೋ ಹಂಗೆ" ಎಂದು ಹೇಳಿ, ನಿಮ್ಮಮ್ಮನ ಮುಖ ನೋಡಿ, ವೈಟ್‌ಫೀಲ್ಡಿಗೆ ಡ್ಯೂಟಿ ಇದೆಯೆಂದು ಮೆಟ್ಟಿಲಿಳಿದುಬಿಟ್ಟರು.

ಕೆಳಗಿನ ರೂಮಿನಲ್ಲಿ ಬಾಡಿಗೆಗಿದ್ದ ರಾಯಚೂರು ಕಡೆಯ ಹೆಂಗಸು ನೆನಪಿದೆಯಲ್ಲ, ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದವಳು, ಅವಳೂ ಸಂಜೆ ಬಂದಳು. ವಿಷಯ ಕೇಳಿ ಗಲ್ಲದ ಮೇಲೆ ಕೈಯಿಟ್ಟಳು. "ಲೋಕಲ್ ಯಾಕ್ರೀ ಯವ್ವಾ? ನಮ್ಮ ಸೈಟಿನಾಗ ಲೋಕಲ್ ಟೈಲ್ಸ್ ಹಾಕಿದ್ರು, ಮಳಿಗಾಲ ಮುಗಿಯೂದ್ರಾಗ ಎದ್ದು ಬಂದ್ವು. ಛಲೋ ಕಂಪನೀದ ಹಾಕ್ರಿ ಅನ್ರಿ." ನಿಮ್ಮಮ್ಮನಿಗೆ ಆ ಸಿಟ್ಟಿನಲ್ಲೂ ನಗು ತಡೆಯಲಾಗಲಿಲ್ಲ. ಅವಳು ನಕ್ಕದ್ದು ನೋಡಿ ನನಗೂ ಸಮಾಧಾನವಾಯಿತು. ಆದರೆ ಆಪರೇಶನ್‌ವರೆಗೆ ಅವಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮಾತ್ರೆ ಕೊಡುವಾಗ ಲೋಟವನ್ನು ಟಕ್ ಎಂದು ಇಡುತ್ತಿದ್ದಳು.

ಆ ಬೆಳಿಗ್ಗೆ ನೀವಿಬ್ಬರೂ ಶಾಲೆಗೆ ಹೋಗುವ ಮುಂಚೆಯೇ ನಾವು ಹೊರಟೆವು. ಆಸ್ಪತ್ರೆಯಲ್ಲಿ ನನ್ನ ಬಳೆ, ಓಲೆ ಬಿಚ್ಚಿಸಿ ಅವಳ ಕೈಗೆ ಕೊಟ್ಟರು. ಕಿವಿಯ ಹಿಂದಿನ ಕೂದಲು ಬೋಳಿಸಿದರು. ತಳ್ಳುವ ಮಂಚದ ಮೇಲೆ ಮಲಗಿಸಿ ಕರೆದೊಯ್ಯುವಾಗ ನಿಮ್ಮಮ್ಮ ಬಾಗಿಲವರೆಗೂ ಬಂದಳು. ಏನೋ ಹೇಳಿದಳು. ಮೆಲ್ಲಗೆ ಹೇಳಿದ್ದರಿಂದ ಕೇಳಿಸಲಿಲ್ಲ. ನಾನು ತಲೆಯಾಡಿಸಿದೆ.

ಒಳಗೆ ಆ ಡಾಕ್ಟರಮ್ಮ ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದರು, ಕಣ್ಣಿನಿಂದ ಗುರುತು ಹಿಡಿದೆ. "ಕೊನೇ ಸಲ ಕೇಳ್ತೀನಿ ಅಮ್ಮ. ಸ್ವಲ್ಪ ಮಂಪರು ಬರೋ ಹಾಗೆ ಏನಾದ್ರೂ ಕೊಡ್ಲಾ? ಭಯ ಕಮ್ಮಿ ಆಗುತ್ತೆ."

"ನಿದ್ದೆ ಬರಿಸ್ಬೇಡಿ" ಎಂದೆ. ಅದನ್ನು ಮಾತ್ರ ಒಂದೇ ಸಲಕ್ಕೆ ಹೇಳಿದೆ.

ಬಲಗಡೆಗೆ ತಲೆ ತಿರುಗಿಸಿ ಮಲಗಿಸಿದರು. ಮುಖದ ಮೇಲೆ ಹಸಿರು ಬಟ್ಟೆ ಬಿತ್ತು. ಒಂದು ತೋಳಿಗೆ ಬಿ.ಪಿ. ಪಟ್ಟಿ, ಬೆರಳಿಗೆ ಕ್ಲಿಪ್ಪು. ಇನ್ನೊಂದು ಕೈ ಖಾಲಿ. ಅದು ಖಾಲಿಯಾಗಿದೆ ಎಂಬುದೇ ನನ್ನ ಧೈರ್ಯ. ಕಿವಿಯ ಸುತ್ತ ಇಂಜೆಕ್ಷನ್ ಚುಚ್ಚಿದರು. ಮೊದಲು ಚುರುಚುರು ಎಂದಿತು, ಆಮೇಲೆ ಕಿವಿ ನನ್ನದಲ್ಲವೆನ್ನುವ ಹಾಗಾಯಿತು. ಕೊಯ್ದದ್ದು ಗೊತ್ತಾಗಲಿಲ್ಲ, ಎಳೆದದ್ದು ಮಾತ್ರ ಗೊತ್ತಾಯಿತು.

ಆಮೇಲೆ ಮೂಳೆ ಕೊರೆಯುವ ಯಂತ್ರ ಶುರುವಾಯಿತು. ಅದರ ಸದ್ದು ಹೊರಗಿನಿಂದ ಬರಲಿಲ್ಲ, ತಲೆಬುರುಡೆಯ ಒಳಗಿನಿಂದಲೇ ಎದ್ದಿತು. ಹಲ್ಲು, ದವಡೆ, ಕತ್ತು ಎಲ್ಲ ಅದುರುತ್ತಿದ್ದವು. ಅಷ್ಟು ದೊಡ್ಡ ಸದ್ದನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ನಿಮ್ಮ ತಾತ ಬೆಳಗಿನಿಂದ ಸಂಜೆವರೆಗೆ ಇಂಥದ್ದರ ನಡುವೆ ನಿಂತು, ಮನೆಗೆ ಬರುವಾಗ ನನಗೆ ಹೂವು ತರುವುದನ್ನು ಹೇಗೆ ನೆನಪಿಟ್ಟುಕೊಳ್ಳುತ್ತಿದ್ದರು ಎಂದು ಯೋಚನೆ ಬಂತು. ಹಸಿರು ಬಟ್ಟೆಯ ಅಡಿಯಲ್ಲಿ ಕಣ್ಣೀರು ಮೂಗಿನ ಪಕ್ಕದಿಂದ ಇಳಿದು ದಿಂಬಿಗೆ ಹೋಯಿತು. ಒರೆಸಿಕೊಳ್ಳುವ ಹಾಗಿರಲಿಲ್ಲ.

ಯಂತ್ರ ನಿಂತ ಮೇಲೆ ಸಣ್ಣ ಸಲಕರಣೆಗಳ ಕೆಲಸ. ಆಗ ನೋವು ಬಂತು. ಮೊದಲು ಸೂಜಿಯ ಮೊನೆಯಷ್ಟು. ಆಮೇಲೆ ಕಿವಿಯ ತಳದಿಂದ ಗಂಟಲವರೆಗೆ ಎಳೆದ ಹಾಗೆ. ಜೊತೆಗೆ ಮಂಚವೇ ತಿರುಗಿದ ಹಾಗಾಯಿತು. ಖಾಲಿ ಕೈಯನ್ನು ಮುಷ್ಟಿ ಬಿಗಿದೆ. ಬಟ್ಟೆಯಿಂದ ಆಚೆ ತೂರಿಸಿ, ಯಾರಿಗಾದರೂ ಕಾಣಲಿ ಎಂದು ಹಿಡಿದೆ.

ಯಾರೋ ನೋಡಿದರು. ಒಂದು ಮೆತ್ತನೆಯ ಕೈ ಬಂದು ನನ್ನ ಮುಷ್ಟಿಯನ್ನು ಹಿಡಿಯಿತು. "ಹೆದರ್ಕೋಬೇಡಿ ಅಮ್ಮ, ಕೈ ಸಡಿಲ ಬಿಡಿ, ಸಡಿಲ ಬಿಡಿ" ಎಂದು ನರ್ಸಮ್ಮ ಮುಖದ ಹತ್ತಿರ ಬಗ್ಗಿ ಗಟ್ಟಿಯಾಗಿ ಹೇಳಿದಳು. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈ ತೆರೆದು, ಐದೂ ಬೆರಳು ಅಗಲ ಮಾಡಿ ಹಾಸಿಗೆಯ ಮೇಲೆ ಇಟ್ಟಳು.

ಎಲ್ಲ ಇದೆ, ಏನೂ ಆಗಿಲ್ಲ. ನನ್ನ ಕೈ ಹಾಗೆ ಹೇಳುತ್ತ ಬಿದ್ದಿತ್ತು.

ಮತ್ತೆ ಮುಷ್ಟಿ ಬಿಗಿದೆ. ಮತ್ತೆ ಅವಳು ಬಿಡಿಸಿದಳು. ಪಾಪ, ಪ್ರೀತಿಯಿಂದಲೇ ಬಿಡಿಸಿದಳು, ತೋಳು ಸವರಿದಳು. ಆ ಕೋಣೆಯಲ್ಲಿ ಯಾರಿಗೂ ಅದು ಮಾತೆಂದು ಗೊತ್ತಿರಲಿಲ್ಲ. ನಿಮ್ಮಮ್ಮ ಹುಟ್ಟಿದ ದಿನ ಗಾಜಿನಾಚೆ ನಿಂತವರು ಯಾರು, ಕೂಗಿ ಕರೆದವರು ಯಾರು ಎಂಬುದು ಆ ಬಟ್ಟೆಯ ಕೆಳಗೆ ನನಗೆ ತಿಳಿಯಿತು. ಅವರು ಹೋದ ದಿನ, ಕರ್ಮ ಮುಗಿದ ದಿನ, ವರ್ಷದ ತಿಥಿಯ ದಿನ, ಯಾವತ್ತೂ ಅವರು ಇಲ್ಲ ಎನ್ನುವುದು ನನಗೆ ಅಷ್ಟು ಚೆನ್ನಾಗಿ ಅರ್ಥವಾಗಿರಲಿಲ್ಲ. ನನ್ನ ಕೈ ಓದಬಲ್ಲವರು ಹೋಗಿಬಿಟ್ಟಿದ್ದರು. ಆ ಕೈ ಇನ್ನು ಬರೀ ಕೈ.

ನೋವು ಏರುತ್ತಿತ್ತು. ತಲೆ ತಾನಾಗಿಯೇ ಎಗರುತ್ತದೆ ಅನ್ನಿಸಿತು. ಎಗರಿದರೆ ಕಿವಿ ಹೋಗುತ್ತದೆ. ಹಲ್ಲು ಕಚ್ಚಿದೆ. ಕೊನೆಗೆ ಬಾಯಿ ತೆರೆದೆ.

"ನೋಯ್ತದೆ!"

ಮಂದ ಕಿವಿಯವರಿಗೆ ತಮ್ಮ ದನಿಯ ಅಳತೆ ಸಿಗುವುದಿಲ್ಲ. ಕಿರುಚಿಬಿಟ್ಟೆನೆಂದು ಕಾಣುತ್ತದೆ. ಕಿವಿಯಲ್ಲಿದ್ದ ಸಲಕರಣೆ ತಟ್ಟನೆ ನಿಂತಿತು.

"ಅಯ್ಯೋ ತಾಯಿ, ಅಷ್ಟು ಜೋರಾಗಿ ಬೇಡ, ಇಲ್ಲಿ ನಾವ್ಯಾರೂ ಕಿವುಡ್ರಲ್ಲ" ಎಂದರು ಸರ್ಜನ್. ಸುತ್ತ ಇದ್ದವರು ನಕ್ಕಂತಾಯಿತು.

"ತುಂಬ ಒಳ್ಳೇ ಕೆಲ್ಸ ಮಾಡಿದ್ರಿ ಅಮ್ಮ. ತಲೆನೂ ತಿರುಗ್ತಿದೆಯಾ?" ಎಂದರು ಡಾಕ್ಟರಮ್ಮ.

"ತಿರುಗ್ತದೆ. ಬಾಯಿ ಒಣಗ್ತದೆ. ಭುಜಾನೂ ನೋಯ್ತದೆ." ಒಮ್ಮೆ ಶುರುವಾದ ಮೇಲೆ ನಿಲ್ಲಲೇ ಇಲ್ಲ. ಕಾಲು ತಣ್ಣಗಾಗಿದೆ ಎಂದೂ ಹೇಳಿದೆ. ಅವರು ಇನ್ನೊಂದು ಇಂಜೆಕ್ಷನ್ ಕೊಟ್ಟರು, ಭುಜದ ಕೆಳಗೆ ದಿಂಬು ತುರುಕಿದರು, ಕಾಲಿಗೆ ಕಂಬಳಿ ಹೊದಿಸಿದರು. ಹೇಳಿದ್ದಕ್ಕೆಲ್ಲ ಒಂದೊಂದು ಪರಿಹಾರ ಬಂತು. ಹೇಳದ ಒಂದೇ ಒಂದು ನೋವು ಉಳಿಯಿತು, ಅದನ್ನು ಹೇಳಲು ಅವರು ನನಗೆ ಏನಾಗಬೇಕು?

ಸ್ವಲ್ಪ ಹೊತ್ತಾದ ಮೇಲೆ ಎಲ್ಲ ಕೈಗಳೂ ನಿಂತವು. ಎಡಗಿವಿಯಲ್ಲಿ, ಬಹಳ ಹತ್ತಿರದಲ್ಲಿ, ಸಣ್ಣದಾಗಿ ಒಂದು ಗಂಡಸಿನ ದನಿ ಕೇಳಿತು.

"ಬೆಳಿಗ್ಗೆ ತಿಂಡಿ ಏನು ತಿಂದ್ರಿ?"

ಆ ಕಿವಿಯಲ್ಲಿ ಅಷ್ಟು ಮೆಲ್ಲಗೆ ಯಾರೂ ಮಾತಾಡಿದ್ದು ನನಗೆ ನೆನಪಿಲ್ಲ. "ಏನೂ ತಿನ್ಬ್ಯಾಡ ಅಂತ ನೀವೇ ಅಂದ್ರಲ್ಲ ಸಾರ್" ಎಂದೆ.

"ಮೂಳೆ ಕೂತಿದೆ ಕಣ್ರಪ್ಪ" ಎಂದರು ಅವರು ಸಂತೋಷದಿಂದ. ಎಲ್ಲರೂ ನನಗೆ ಒಳ್ಳೆಯದಾಯಿತು ಎಂದರು. ನಾನು ಬಿಕ್ಕಿ ಬಿಕ್ಕಿ ಅಳತೊಡಗಿದೆ. ಅಲ್ಲಾಡಬೇಡಿ ಎಂದು ನರ್ಸಮ್ಮ ಮತ್ತೆ ಕೈ ಹಿಡಿದುಕೊಂಡಳು. ಕಿವಿ ಬಂದ ಸಂತೋಷಕ್ಕೆ ಅಳುತ್ತಿದ್ದ ಹಾಗೆ ಅವರಿಗೆ ಕಂಡಿರಬೇಕು. ಕಿವಿ ಬಂದಿತ್ತು, ನಿಜ. ಅದರಲ್ಲಿ ಯಾರ ದನಿ ಕೇಳಬೇಕೆಂದು ಆಸೆಯಿತ್ತೋ ಆ ದನಿ ಎಲ್ಲಿಯೂ ಇರಲಿಲ್ಲ.

ಕಟ್ಟು ಬಿಚ್ಚಿ, ಒಳಗೆ ತುಂಬಿದ್ದ ಔಷಧಿಯ ಹತ್ತಿ ತೆಗೆದು, ಗಾಯ ಮಾಯುವಷ್ಟರಲ್ಲಿ ಚಳಿಗಾಲ ಬಂದಿತ್ತು. ಮನೆ ನನಗೆ ಹೊಸದಾಯಿತು. ಕುಕ್ಕರಿನ ಸಿಳ್ಳೆಗೆ ಮುಂಚೆ ಅದು ಗುಸುಗುಸು ಎನ್ನುತ್ತದೆ ಎಂದು ತಿಳಿಯಿತು. ನೀವಿಬ್ಬರೂ ಪುಸ್ತಕ ಮುಂದಿಟ್ಟುಕೊಂಡು ನನ್ನ ಪಕ್ಕದಲ್ಲೇ ಏನೇನು ಮಾತಾಡುತ್ತಿದ್ದಿರಿ ಎಂಬುದೂ ತಿಳಿಯಿತು. ಅದನ್ನು ನಾನು ಯಾರಿಗೂ ಹೇಳಿಲ್ಲ.

ಒಂದು ಮಧ್ಯಾಹ್ನ ಅಡುಗೆಮನೆಯಿಂದ ಇನ್ನೊಂದು ಸದ್ದು ಬಂತು. ನಿಮ್ಮಮ್ಮನಿಗೆ ಅವತ್ತು ಕೆಲಸಕ್ಕೆ ರಜ. ನಾನು ನಡುಮನೆಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಮೂಗು ಕಟ್ಟಿದವರು ಉಸಿರೆಳೆದ ಹಾಗೆ, ಆಮೇಲೆ ಗಂಟಲಲ್ಲೇ ಏನೋ ಮುರಿದ ಹಾಗೆ. ಇಣುಕಿ ನೋಡಿದೆ. ಅವಳು ಬೆನ್ನು ಹಾಕಿ ನಿಂತು ಪಾತ್ರೆ ಉಜ್ಜುತ್ತ ಅಳುತ್ತಿದ್ದಳು. "ಅಪ್ಪಾ, ಅಪ್ಪಾ" ಎನ್ನುತ್ತಿದ್ದಳು, ಮಗುವಿನ ಹಾಗೆ. ಅವಳ ಕೈ ಸಲೀಸಾಗಿ ಕೆಲಸ ಮಾಡುತ್ತಿತ್ತು. ಅದರಿಂದಲೇ ಗೊತ್ತಾಯಿತು, ಇದು ಇವತ್ತಿನದಲ್ಲ. ಆ ಒಂದು ವರ್ಷವೆಲ್ಲ ಅವಳು ನನ್ನಿಂದ ಕೂಗಳತೆಯಲ್ಲಿ ನಿಂತು ಹೀಗೆ ಅತ್ತಿದ್ದಳು. ಕಿವಿ ಕೇಳದ ಅಮ್ಮ ಒಂದು ಗೋಡೆಯಾಗಿ ಅವಳಿಗೆ ಆಸರೆಯಾಗಿದ್ದಳು.

ನನ್ನ ಕೈಯಿಂದ ಮೊರ ಜಾರಿತು. ಅವಳು ತಿರುಗಿದಳು, ನನ್ನ ಮುಖ ನೋಡಿದಳು, ನನ್ನ ಎಡಗಿವಿಯನ್ನು ನೋಡಿದಳು. "ಈರುಳ್ಳಿ ಹೆಚ್ಚಿದೆ ಕಣಮ್ಮ" ಎಂದಳು. ಈರುಳ್ಳಿ ಎಲ್ಲಿಯೂ ಇರಲಿಲ್ಲ.

ಆಮೇಲೆ ಅವಳು ಅಡುಗೆಮನೆಯಲ್ಲಿ ಅಳಲಿಲ್ಲ. ಬಟ್ಟೆ ಒಣಹಾಕುತ್ತೇನೆಂದು ತಾರಸಿಗೆ ಹೋಗಿ ಬಹಳ ಹೊತ್ತು ಬರುತ್ತಿರಲಿಲ್ಲ. ಒಣಗಿಸಲು ಬಟ್ಟೆಯಿಲ್ಲದ ದಿನವೂ ಹೋದಳು. ನನಗೆ ಕಿವಿ ಬಂದು ಅವಳಿಗೆ ಅಳುವ ಜಾಗ ಹೋಯಿತಲ್ಲ ಎಂದು ಸಂಕಟವಾಯಿತು. ಹಿಂಬಾಲಿಸಿ ಹೋಗಬೇಕೆಂದು ಎರಡು ಮೂರು ಸಲ ಮೆಟ್ಟಿಲವರೆಗೆ ಹೋಗಿ ವಾಪಸು ಬಂದೆ. ಹೋಗಿ ಏನು ಹೇಳುವುದು? ಆಪರೇಶನ್ ಟೇಬಲ್ಲಿನ ಮೇಲೆ ಹೇಳಿದ ಹಾಗೆ ಹೇಳಬಹುದಿತ್ತು. ಅಲ್ಲಿ ಅಪರಿಚಿತರಿದ್ದರು, ಮುಖಕ್ಕೆ ಬಟ್ಟೆಯಿತ್ತು. ಹೆತ್ತ ಮಗಳ ಮುಂದೆ ಅದು ಇನ್ನೂ ಕಷ್ಟ.

ಒಂದು ಭಾನುವಾರ ನೀವಿಬ್ಬರೂ ನಿಮ್ಮಪ್ಪನ ಜೊತೆ ಹೊರಗೆ ಹೋಗಿದ್ದಿರಿ. ನಾನು ಕಂಬಿ ಹಿಡಿದು ತಾರಸಿ ಹತ್ತಿದೆ. ಅವಳು ನೀರಿನ ಟ್ಯಾಂಕಿನ ಹಿಂದೆ, ಗೋಡೆಗೆ ಒರಗಿ ಕೂತಿದ್ದಳು. ಎದುರಿನ ಮೇಲ್ಸೇತುವೆಯ ಮೇಲೆ ಮೆಟ್ರೋ ರೈಲು ಬರುವುದನ್ನು ಕಾಯುತ್ತಿದ್ದಳು. ರೈಲು ಬಂದಾಗ ಬಾಯಿಗೆ ಸೆರಗಿಟ್ಟು ಜೋರಾಗಿ ಅತ್ತಳು. ರೈಲು ದಾಟಿ ಹೋದ ಕೂಡಲೇ ನಿಲ್ಲಿಸಿದಳು. ನನ್ನನ್ನು ಕಂಡು ಎದ್ದಳು.

"ಯಾಕಮ್ಮ ಮೇಲೆ ಬಂದೆ? ಬಿಸ್ಲು. ತಲೆ ಸುತ್ತಿದ್ರೆ ಏನ್ಮಾಡ್ತೀಯ? ನಡಿ ಕೆಳಗೆ."

"ಕೂತ್ಕೋ" ಎಂದೆ.

"ಬಟ್ಟೆ ತೆಗೀಬೇಕಿತ್ತು, ಅದಕ್ಕೇ..."

"ಬಟ್ಟೆ ಎಲ್ಲವ್ವ ಅವೆ? ಕೂತ್ಕೋ. ನಂಗೂ ಅಳ್ಬೇಕು. ಒಬ್ಳೇ ಅತ್ತು ಅತ್ತು ಸಾಕಾಗೋಯ್ತು."

ಅವಳು ನಿಂತೇ ಇದ್ದಳು. ನಾನು ಟ್ಯಾಂಕಿನ ನೆರಳಿನಲ್ಲಿ ಕೂತೆ. ಹೇಳಬೇಕಾದದ್ದನ್ನು ಸಿಮೆಂಟಿನ ನೆಲ ನೋಡುತ್ತ ಹೇಳಿದೆ. "ನಿದ್ದೆ ಬ್ಯಾಡ ಅಂದದ್ದು ಹಟಕ್ಕಲ್ಲ ಕಣವ್ವ. ನಿಮ್ಮಪ್ಪನ್ನ ನಿದ್ದೆ ಮಾಡ್ಸವ್ರೆ ಅಂದ್ರಲ್ಲ, ಎದ್ರಾ ಅವ್ರು? ನಾನೂ ಅಂಗೇ ಕೈಕಾಲು ಬಿಟ್ಕೊಂಡು ಬಿದ್ದಿದ್ರೆ ನೀನು ಹೊರಗೆ ಎಂಗಿರ್ತಿದ್ದೆ?"

ಅವಳು ನನ್ನ ಪಕ್ಕದಲ್ಲಿ ಕುಸಿದು ಕೂತಳು.

"ಗೊತ್ತಿತ್ತು ಅಮ್ಮ. ನೀನು ಡಾಕ್ಟ್ರ ಮುಂದೆ ಬೇಡ ಅಂದ ತಕ್ಷಣ ಗೊತ್ತಾಯ್ತು. ನೀನು ಅದನ್ನ ಬಾಯಿಬಿಟ್ಟು ಅಂದ್ಬಿಟ್ರೆ ನಾನು ಅಲ್ಲೇ ಬಿದ್ದು ಹೋಗ್ತಿದ್ದೆ. ಅದಕ್ಕೇ ಬೈದೆ. ಬೈತಾ ಇದ್ರೆ ನೀನು ಹೇಳಲ್ಲ ಅಂತ ಬೈದೆ."

"ಬಾಗಿಲ ಹತ್ರ ಏನೋ ಅಂದ್ಯಲ್ಲ ಅವತ್ತು?"

"ಹೋಗ್ಬೇಡ ಅಂದೆ."

ನಾನು ಅದಕ್ಕೆ ತಲೆಯಾಡಿಸಿದ್ದೆ. ಅವಳ ಕೆನ್ನೆಗಂಟಿದ ಕೂದಲನ್ನು ಹಿಂದಕ್ಕೆ ಸರಿಸಿದೆ. ಆಮೇಲೆ ನನ್ನೊಳಗೆ ಆಪರೇಶನ್ ದಿನದಿಂದ ಕೂತಿದ್ದ ಒಂದನ್ನು ಕೇಳಿದೆ. "ನಿಮ್ಮಪ್ಪ ಮೆಲ್ಲಗೆ ಮಾತಾಡಿದ್ರೆ ದನಿ ಎಂಗಿರ್ತಿತ್ತು? ನಾನು ಒಂದಿನಾನೂ ಕೇಳ್ಲಿಲ್ಲ. ನೀನು ಕೇಳಿದ್ದೀಯಲ್ಲ."

ಅವಳು ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು. "ಅಪ್ಪ ಯಾವತ್ತಮ್ಮ ಮೆಲ್ಲಗೆ ಮಾತಾಡಿದ್ರು? ನಂಗೆ ಗುಟ್ಟು ಹೇಳಿದ್ರೂ ಬೀದಿಗೆಲ್ಲ ಕೇಳ್ಸೋದು. ಅಮ್ಮಂಗೆ ಹೇಳ್ಬೇಡ ಅಂತ ಕೂಗೋರು."

ಇಬ್ಬರಿಗೂ ನಗು ಬಂತು. ಆ ನಗು ಅರ್ಧದಲ್ಲೇ ಒಡೆದು ಅಳುವಾಯಿತು. ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟಳು. ನಾಗಸಂದ್ರದ ಕಡೆಯಿಂದ ಇನ್ನೊಂದು ರೈಲು ಬಂತು, ನಮ್ಮ ಎದುರು ಹಾದು ದೂರವಾಯಿತು, ಅದರ ಸದ್ದು ಪೂರ್ತಿ ಅಡಗಿತು. ಅವಳು ನಿಲ್ಲಿಸಲಿಲ್ಲ. ನಾನೂ ನಿಲ್ಲಿಸಲಿಲ್ಲ.